ಎಮ್ಮೆಯ ಹೆಸರು ಕೇಳಿದ ದನಿ

ದೆವ್ವದ ಕತೆ ಹೇಳುವವರ ದನಿಯನ್ನು ಅವರ ಮುಂದೆಯೇ ಅನುಕರಿಸಿ ನಗಿಸುತ್ತಿದ್ದವ ನಾನು. ಸತ್ತವರು ಮಾತಾಡುತ್ತಾರೆಂದು ಯಾರಾದರೂ ಅಂದರೆ, ‘ಅವ್ರ ಮೊಬೈಲಿಗೆ ಕರೆನ್ಸಿ ಯಾರ ಹಾಕಸ್ತಾರ್ರೀ?’ ಎನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ಮನೆಗಳಿಗೆ ವೈಫೈ ಆಗತಾನೇ ಬರುತ್ತಿದ್ದ ವರ್ಷಗಳವು. ಹುಬ್ಬಳ್ಳಿಯ ಕಂಪ್ಯೂಟರ್ ರಿಪೇರಿ ಅಂಗಡಿಯೊಂದನ್ನು ಸೇರಿ ತಿಂಗಳಾಗಿತ್ತು. ಕೆಲಸಕ್ಕಿಂತ ಮಾಲೀಕರ ದನಿಯನ್ನೇ ಚೆನ್ನಾಗಿ ಕಲಿತಿದ್ದೆ. ಅಮರಗೋಳದ ನೀಲಕ್ಕನ ಮಗಳು ಶಿಲ್ಪಾ ವೈರಸ್ ಹೊಕ್ಕ ಲ್ಯಾಪ್‌ಟಾಪ್ ತಂದುಕೊಟ್ಟಳು. ಅವಳ ಫೈಲುಗಳನ್ನು ತೆಗೆದಿಟ್ಟು, ಉಳಿದದ್ದನ್ನೆಲ್ಲ ಅಳಿಸಿ ಹೊಸದು ಮಾಡಿಕೊಟ್ಟೆ. ಅದರೊಳಗಿದ್ದ ವೈಫೈ ಪಾಸ್‌ವರ್ಡ್ ಬರೆದಿಡಬೇಕೆಂದು ನನ್ನ ಶಾಣ್ಯಾ ತಲೆಗೆ ಹೊಳೆಯಲಿಲ್ಲ.

ಮರುದಿನ ಸಂಜೆ ನಾಲ್ಕೂವರೆಗೆ ಅವರ ಮನೆಯಲ್ಲಿದ್ದೆ. ಶಿಲ್ಪಾಳಿಗೆ ನರ್ಸ್ ಕೆಲಸದ ಅರ್ಜಿ ಕಳಿಸಲು ಐದರವರೆಗೆ ಮಾತ್ರ ಸಮಯ; ವಯಸ್ಸಿನ ಮಿತಿಯಿಂದಾಗಿ ಅದೇ ಅವಳ ಕೊನೆಯ ಅವಕಾಶ. ಲ್ಯಾಪ್‌ಟಾಪ್ ವೈಫೈ ಪಾಸ್‌ವರ್ಡ್ ಕೇಳುತ್ತಿತ್ತು. ಅದನ್ನು ಇಟ್ಟವನು ಅವಳಣ್ಣ ಬಸು. ಅವನು ತೀರಿಕೊಂಡು ಎರಡು ತಿಂಗಳಾಗಿತ್ತು. ನಾನು ಅವನನ್ನು ಕಂಡವನೇ ಅಲ್ಲ. ಕೇಬಲ್ ಹಾಕೋಣವೆಂದರೆ ಲ್ಯಾಪ್‌ಟಾಪಿನ ಕಿಂಡಿ ಮುರಿದಿತ್ತು. ರೂಟರ್ ರೀಸೆಟ್ ಮಾಡಿದರೆ ಮತ್ತೆ ತುಂಬಬೇಕಾದ ವಿವರಗಳೂ ಬಸುವಿಗಷ್ಟೇ ಗೊತ್ತಿದ್ದವು. ಹತ್ತಿರದ ಸೈಬರ್ ಕೆಫೆಗೆ ಅಂದು ಬೀಗ.

ಅಣ್ಣನ ಹೆಸರು, ಬೈಕಿನ ನಂಬರು, ಎಲ್ಲ ಹೊಡೆದು ನೋಡಿದಳು. ಐದಕ್ಕೆ ಹತ್ತು ನಿಮಿಷ ಉಳಿದಾಗ, ‘ಹೋತು ಬಿಡ್ರಿ’ ಎಂದು ಕಣ್ಣೊರೆಸಿಕೊಂಡಳು. ತಪ್ಪು ನನ್ನದು. ಏನು ಮಾಡಲೂ ತೋಚದೆ, ನನ್ನನ್ನೇ ಬೈದು ನಗಿಸೋಣವೆಂದು ಮಾಲೀಕರ ದನಿ ತೆಗೆದೆ.

ಬಂದದ್ದು ಅವರ ದನಿಯಲ್ಲ. ಸಣ್ಣದು, ಮೂಗಿನಲ್ಲಿ ಎಳೆಯುವಂಥದು. ‘ಚಿಟ್ಟಿ, ಯಾಕ ಅಳ್ತಿ? ಹೆಬ್ಬಳ್ಳಿ ಮನ್ಯಾಗಿನ ಎಮ್ಮಿ ಹೆಸರೇನ? ಅದನ್ನ ಎರಡು ಸಲ ಹೊಡಿ.’

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ನಾಲಿಗೆ ತಣ್ಣಗಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲಕ್ಕನ ಕೈಮೇಲೆ ಬಿಸಿ ಚಹಾ ಚೆಲ್ಲುತ್ತಿತ್ತು. ಅವರಿಗೆ ಅದರ ಅರಿವಿರಲಿಲ್ಲ. ಶಿಲ್ಪಾ ನನ್ನ ಕಡೆ ನೋಡದೆ ‘ಕರೆವ್ವ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಸಲ ಹೊಡೆದಳು. ವೈಫೈ ಹತ್ತಿತು. ಅರ್ಜಿ ಹೋಯಿತು.

ನಾನು ಚಪ್ಪಲಿ ಕೈಯಲ್ಲೇ ಹಿಡಿದು ಬೀದಿಗೆ ಬಂದಿದ್ದೆ. ಅವರು ಹೆಬ್ಬಳ್ಳಿಯಿಂದ ಬಂದವರೆಂದಾಗಲಿ, ಎಮ್ಮೆ ಸಾಕಿದ್ದರೆಂದಾಗಲಿ, ಬಸು ತಂಗಿಯನ್ನು ಚಿಟ್ಟಿ ಎಂದು ಕರೆಯುತ್ತಿದ್ದನೆಂದಾಗಲಿ ನನಗೆ ಯಾರೂ ಹೇಳಿರಲಿಲ್ಲ.

ಎಂಟು ದಿನ ಬಿಟ್ಟು ನೀಲಕ್ಕ ಅಂಗಡಿಗೆ ಬಂದರು. ‘ತಮ್ಮಾ, ಇನ್ನೊಮ್ಮೆ ನಮ್ಮ ಬಸುನಂಗ ಮಾತಾಡು. ಬ್ಯಾರೆ ಏನೂ ಬ್ಯಾಡ. ಯವ್ವಾ ಅನ್ನು, ಸಾಕು.’

‘ನನಗ ಬರೂದಿಲ್ರಿ ಯಕ್ಕಾ,’ ಎಂದೆ. ಬರುತ್ತದೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಪ್ರಯತ್ನಿಸುವ ಧೈರ್ಯ ನನಗಿಲ್ಲ. ಬಂದದ್ದು ತಿರುಗಿ ಹೋಗದಿದ್ದರೆ? ಅವರು ನನ್ನ ಬಾಯಿಯನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು. ನಾನು ಹಲ್ಲು ಕಚ್ಚಿಕೊಂಡು ಯಾರದೋ ಕಂಪ್ಯೂಟರಿನ ಸ್ಕ್ರೂ ಬಿಚ್ಚುತ್ತಿದ್ದೆ.