ಕೆಂಪು ನೂಲು ಕಟ್ಟಿದ ಬಳ್ಳಿ

ಸತ್ತವರ ಹತ್ತಿರ ಯಾರಾದರೂ ಬೀಜ ಕೇಳಲು ಬರುತ್ತಾರೆಯೇ? ನಮ್ಮ ಮನೆಗೆ ಬಂದರು. ದಸರೆ ಮುಗಿದದ್ದೇ ತಡ, ಎದುರು ಮನೆಯ ಶಾಂತವ್ವ ಬಾಗಿಲಲ್ಲಿ ನಿಂತು, "ಕಾಕೂನ ಬೀಜಾ ಎಲ್ಲಿ ಇಟ್ಟೀರೋ ತಮ್ಮಾ?" ಎಂದರು.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಬನಹಟ್ಟಿಯ ನಮ್ಮ ಇಡೀ ನೇಕಾರರ ಓಣಿಗೇ ಕಾಕು. ಈ ವರ್ಷ ಸಂಕ್ರಾಂತಿ ಮುಗಿದ ವಾರ ತೀರಿಕೊಂಡಳು.

ಬೀಜ ಸ್ವೀಟ್ ಪೀ ಹೂವಿನದು. ನಮ್ಮ ಹೆಂಗಸರ ಬಾಯಲ್ಲಿ ಅದು ವಟಾಣಿ ಹೂವು. (ನೋಡಲು ಬಟಾಣಿ ಬಳ್ಳಿಯೇ. ಆದರೆ ಕಾಯಿ ತಿನ್ನುವಂತಿಲ್ಲ, ವಿಷ.) ನಮ್ಮ ಬಿಸಿಲಿಗೆ ಬಾಳುವ ಗಿಡವಲ್ಲ, ಚಳಿ ಇರುವಷ್ಟು ದಿನ ಅದರ ಆಟ. ಆದರೂ ಕಾಕು ಹಿತ್ತಲಲ್ಲಿ ಹಳೆಯ ಕೈಮಗ್ಗದ ಚೌಕಟ್ಟಿಗೆ ಹಬ್ಬಿಸಿ ವರ್ಷವೂ ಬೆಳೆಸುತ್ತಿದ್ದಳು. ಅವಳ ಲಿಂಗಪೂಜೆಗೆ ಅದೇ ಹೂವಾಗಬೇಕು. ಪವರ್‌ಲೂಮಿನ ಎಣ್ಣೆ ವಾಸನೆಯ ನಡುವೆ ಆ ಪರಿಮಳ!

ಈ ಹೂವಿಗೊಂದು ಹಟವಿದೆ. ದಿನವೂ ಕೊಯ್ದರೆ ಬಿಡುತ್ತಲೇ ಇರುತ್ತದೆ. ಕೊಯ್ಯದೆ ಬಿಟ್ಟಿರೋ, ಕಾಯಿ ಕಟ್ಟಿ ಹೂವು ನಿಲ್ಲಿಸಿಬಿಡುತ್ತದೆ. ಅದಕ್ಕೇ ಕಾಕು ಕೊನೆಯ ಕೆಲವು ಬಳ್ಳಿಗಳಿಗೆ ಮಗ್ಗದ ಕೆಂಪು ನೂಲು ಕಟ್ಟುತ್ತಿದ್ದಳು. ನೂಲು ಕಟ್ಟಿದ್ದನ್ನು ದೇವರಿಗೂ ಕೊಯ್ಯುತ್ತಿರಲಿಲ್ಲ. ಕಾಯಿ ಒಣಗಿದ ಮೇಲೆ ಬೀಜ ಬಿಡಿಸಿ, ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಡುವುದು. ದಸರೆ ಮುಗಿದ ಮೇಲೆ ಕೇಳಿದವರಿಗೆಲ್ಲ ಹಂಚಿ, ಉಳಿದದ್ದನ್ನು ತಾನು ಊರುವುದು.

"ನೀವೂ ಒಂದ್ ಬಳ್ಳಿ ಬೀಜಕ್ಕ ಬಿಡ್ರೆವ್ವಾ," ಎನ್ನುತ್ತಿದ್ದಳು.

"ನೀ ಅದೀಯಲ್ಲ ಕಾಕು!" ಎಂದು ಎಲ್ಲರೂ ನಗುತ್ತಿದ್ದರು.

ಈ ಸಲ ನಮ್ಮಲ್ಲಿ ಬೀಜ ಇಲ್ಲವೆಂದೆ. ಶಾಂತವ್ವ ನಂಬಲಿಲ್ಲ. "ನೀವು ಇಟ್ಟಿಲ್ಲೇನ್ರಿ?" ಎಂದು ಕೇಳಿದೆ.

"ನಾ ಯಾಕ ಇಡ್ಲೋ? ನಿಮ್ಮ ಮನ್ಯಾಗ ಇದ್ದೇ ಇರ್ತಾವಲ್ಲ!"

ಚಿಮ್ಮಡದಲ್ಲಿರುವ ತಂಗಿಗೆ ಅಲ್ಲೇ ಫೋನ್ ಮಾಡಿದೆ. "ನಾ ಎಲ್ಲಾ ಹೂವಾ ಹರದ್ನಿ ಅಣ್ಣಾ. ಬನಹಟ್ಟಿಯೊಳಗ ಇರ್ತಾವಂತ ತಿಳದಿದ್ನಿ," ಎಂದಳು. ಮುಧೋಳದ ಅತ್ತಿಗೆಯದೂ ಅದೇ ಉತ್ತರ. ಎಲ್ಲರ ಮನೆಯಲ್ಲೂ ಹೂವು ಅರಳಿತ್ತು, ಯಾರ ಮನೆಯಲ್ಲೂ ಬೀಜವಿಲ್ಲ.

"ಮತ್ತ ಕಾಕು ಹಚ್ಚಿದ ಬಳ್ಳಿ ಏನಾದ್ವೋ?" ಶಾಂತವ್ವ ಕೇಳಿದರು.

ಹಿತ್ತಲ ಕಡೆ ಕೈ ತೋರಿಸಿದೆ. ನೋಡುತ್ತಿದ್ದಂತೆ ಅವರಿಗೇ ನೆನಪಾಯಿತು.

ತೀರಿಕೊಂಡ ದಿನ ಕಾಕುವನ್ನು ನಮ್ಮ ಪದ್ಧತಿಯಂತೆ ಕೂರಿಸಿ ಸಿಂಗಾರ ಮಾಡುವಾಗ ತಂದ ಹಾರ ಸಾಲಲಿಲ್ಲ. "ಆಕಿಗೆ ಸೇರೂ ಹೂವಾ ಇಲ್ಲೇ ಅದಾವಲ್ಲ," ಎಂದು ಶಾಂತವ್ವನೇ ಹಿತ್ತಲಿಗೆ ಓಡಿದ್ದರು. ಅಳುತ್ತಲೇ ಬಳ್ಳಿಗಳನ್ನು ಬುಡಸಮೇತ ಕಿತ್ತು ತಂದು ಕಾಕುವಿನ ಕೊರಳಿಗೆ ಸುತ್ತಿದರು. ಕೆಂಪು ನೂಲು, ಎಳೆಗಾಯಿ ಎಲ್ಲವೂ ಅದರಲ್ಲಿದ್ದವು. ನಾವೂ ನೋಡಿದೆವು. ಪ್ರೀತಿಯಿಂದ ಮಾಡುವವರನ್ನು ತಡೆಯುವುದು ಹೇಗೆ? ಹಾಗೆಯೇ ಮಣ್ಣು ಮಾಡಿ ಬಂದೆವು.

ಶಾಂತವ್ವ ಹೊಸ್ತಿಲ ಹೊರಗೆ ಕುಸಿದು ಕುಳಿತರು. ಸೆರಗು ಬಾಯಿಗೆ ಹಿಡಿದು, "ಎಲ್ಲಾ ಆಕೀ ಜೋಡೀನ ಮಣ್ಣಾಗ ಹೋದ್ವಲ್ಲೋ ತಮ್ಮಾ," ಎಂದರು.

ಜಮಖಂಡಿಯ ಅಂಗಡಿಯಿಂದ ಒಂದು ಪಾಕೀಟು ತಂದು ಊರಿದ್ದೇನೆ. ಅದರ ಮೇಲಿನ ಫೋಟೊ ಚೆಂದವಿದೆ, ಬೀಜ ಮೊಳೆತೂ ಇದೆ. ಆದರೆ ಕಾಕುವಿನ ಹೂವಿನ ಆ ಪರಿಮಳ? ನನಗೆ ನಂಬಿಕೆಯಿಲ್ಲ.

ಹೀಗೆ ಒಬ್ಬರ ತಲೆಗೆ ಕಟ್ಟಿ ನಾವು ಆರಾಮಾಗಿರುವ ಕೆಲಸಗಳು ಎಷ್ಟಿಲ್ಲ! ಇಡೀ ಬಳಗಕ್ಕೆ ಉಪ್ಪಿನಕಾಯಿ ಹಾಕುವುದು, ಎಲ್ಲರಿಗೂ ಫೋನ್ ಮಾಡಿ ವಿಚಾರಿಸುವುದು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದು ಪಂಕ್ತಿಯಲ್ಲಿ ಕೂರಿಸುವುದು. ಮಾಡುವವರು ಇದ್ದಾರಲ್ಲ ಎಂದು ನಾವು ಹೂವು ಕೊಯ್ಯುತ್ತಲೇ ಇರುತ್ತೇವೆ.

ನಿಮ್ಮ ಮನೆಯಲ್ಲಿ ಬೀಜಕ್ಕೆ ಬಿಡುವವರು ಯಾರು, ಅವರ ನಂತರ ಯಾರು?