ಓರು ಕೇರಿದ ಹಿತ್ತಲಿನ ಜೋಳ

ಕೊಚ್ಚಿಯ ನಮ್ಮ ಬಾಡಿಗೆ ಮನೆಯ ಹಿತ್ತಲಂಚಿನ ತೋಡಿಗೆ, ಅಂದರೆ ಕಾಲುವೆಗೆ, ಕಡಲು ದಿನಕ್ಕೆರಡು ಸಲ ಬಂದುಹೋಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಮೊದಲ ದಿನ ತೋಡಿನ ನೀರು ಹಿಂದಕ್ಕೆ ಹರಿಯುವುದನ್ನು ಕಂಡು ನನ್ನ ಹೆಂಡತಿ ಗಂಗವ್ವ, "ಏನ್ರೀ, ಈ ಊರಾಗ ನೀರಿಗೂ ತಲಿ ಕೆಟ್ಟೈತೇನು?" ಎಂದಳು. ಬಿಜಾಪುರದಲ್ಲಿ ನೀರಿನ ದಾರಿ ಕಾಯುತ್ತಿದ್ದವರು ನಾವು.

ಅರವತ್ತೊಂಬತ್ತನೆಯ ಇಸವಿಯಲ್ಲಿ ಬ್ಯಾಂಕಿನವರು ನನ್ನನ್ನು ಇಲ್ಲಿಗೆ ಎತ್ತಿಹಾಕಿದ್ದರು. ಕುಸುಬಲಕ್ಕಿ ಅನ್ನ ನನಗೆ ಒಗ್ಗಿತು, ಗಂಗವ್ವ ಮಾತ್ರ ರೊಟ್ಟಿಯಿಲ್ಲದೆ ಸೊರಗಿದಳು. ಕಡೆಗೆ ತವರಿನಿಂದ ಜೋಳ ತರಿಸಿ ಹಿತ್ತಲಲ್ಲಿ ಬಿತ್ತಿ, "ಇದು ತೆನಿ ಹಿಡೀಲಿಲ್ಲಂದ್ರ ನಾ ಬಿಜಾಪುರಕ್ಕ ಹೋಗಾಕಿ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಅಂದಿನಿಂದ ನನ್ನ ಜೀವವೆಲ್ಲ ಆ ಜೋಳದ ಮೇಲೆ.

ಪೈರು ಮೊಣಕಾಲೆತ್ತರ ಬಂದಿತ್ತು. ಒಂದು ಬೆಳಿಗ್ಗೆ ಪಕ್ಕದ ಮನೆಯ ರೋಸಾ ಚೇಚಿ (ಚೇಚಿಯೆಂದರೆ ಅಕ್ಕ) ಬೇಲಿಯಾಚೆಯಿಂದ "ಓರು ಕೇರಿ! ಓರು ಕೇರಿ!" ಎಂದು ಕೂಗಿದರು. ಗಂಗವ್ವನ ಕಿವಿಗೆ ಅದು ಊರುಕೇರಿ. ಕಡೆಗೂ ಯಾರೋ ಊರು ಕೇಳಿದರಲ್ಲ ಎಂದು ಹಿಗ್ಗಿ, "ಬಿಜಾಪುರ್ರೀ ಅಕ್ಕಾರ, ಬರ್ರಿ ಒಳಗ!" ಎಂದು ಚಹಾಕ್ಕಿಟ್ಟಳು. ಓರು ಎಂದರೆ ಉಪ್ಪುನೀರು, ಕೇರಿ ಎಂದರೆ ಏರಿತು. ಚಹಾ ಕುದಿಯುವಷ್ಟರಲ್ಲಿ ಜೋಳ ಉಪ್ಪುನೀರಿನಲ್ಲಿ ನಿಂತಿತ್ತು, ವಾರದೊಳಗೆ ಒಣಗಿತು.

ಗಂಗವ್ವ ಟ್ರಂಕು ತುಂಬತೊಡಗಿದಳು. ಸಂಗತಿ ತಿಳಿದು ರೋಸಾ ಚೇಚಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೈಹಿಡಿದು ಅವಳನ್ನು ತಮ್ಮ ಗದ್ದೆಗೆ ಕರೆದೊಯ್ದರು. ನಾನೂ ಹಿಂದೆ ಹೋದೆ. ಮಳೆಗಾಲದಲ್ಲಿ ಅಲ್ಲಿ ಪೊಕ್ಕಾಳಿ ಎಂಬ ಆಳೆತ್ತರದ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಓರು ಬಿಟ್ಟುಕೊಂಡು ಸಿಗಡಿ. ಬೇಸಿಗೆಯಲ್ಲಿ ಮಣ್ಣನ್ನು ಕೂನ, ಅಂದರೆ ಗುಪ್ಪೆ, ಕಟ್ಟಿಟ್ಟರೆ ಉಪ್ಪನ್ನು ಮಳೆಯೇ ತೊಳೆಯುತ್ತದೆ.

"ಮಾವನ ಕಾಲದಲ್ಲಿ ಓರು ಇಷ್ಟು ಮೇಲಕ್ಕೆ ಬರುತ್ತಿರಲಿಲ್ಲ ಮೋಳೇ," ಎಂದು ಚೇಚಿ ಅವಳನ್ನು ಮಗಳೆಂದೇ ಕರೆದು ತಮ್ಮ ಮಲಯಾಳದಲ್ಲಿ ಹೇಳಿದರು. "ಬಂತು. ಕೂನ ಎತ್ತರ ಮಾಡಿದೆವು. ಅತ್ರೇ ಉಳ್ಳೂ." ಅಷ್ಟೇ ಅಂತೆ! ಮಳೆ ಕೈಕೊಟ್ಟರೆ ಆಕಾಶವನ್ನು ಬೈಯುವುದೊಂದೇ ಗೊತ್ತಿದ್ದ ನನಗೆ ನಾಚಿಕೆಯಾಯಿತು.

ಟ್ರಂಕು ಮಂಚದಡಿಗೆ ಹೋಯಿತು. ಬೇಸಿಗೆಯಲ್ಲಿ ಗಂಗವ್ವ, ರೋಸಾ ಚೇಚಿ ಇಬ್ಬರೂ ಸೇರಿ ಹಿತ್ತಲಲ್ಲಿ ಸೊಂಟದೆತ್ತರ ಕೂನ ಕಟ್ಟಿ, ಮಳೆ ತೊಳೆದ ಮೇಲೆ ಜೋಳ ಬಿತ್ತಿದರು. ಈ ಸಲ ಓರು ಬುಡ ನೆಕ್ಕಿ ಹಿಂದಿರುಗಿತು. ತೆನೆಯಲ್ಲಿ ಅರ್ಧ ಗಿಳಿಗಳ ಪಾಲು. ಉಳಿದದ್ದರಲ್ಲಿ ಒಂಬತ್ತು ರೊಟ್ಟಿಯಾದವು. ಬಡಿಯುವ ಸದ್ದಿಗೆ ಓಣಿಯೇ ಬಂದು ನಿಂತಿತ್ತು. ರೋಸಾ ಚೇಚಿ ತೆಂಗಿನೆಣ್ಣೆ ಸವರಿ ತಿಂದು "ಕೊಳ್ಳಾಂ," ಪರವಾಗಿಲ್ಲ, ಎಂದರು. ನನಗಾದ ಸಂತೋಷ ಹೇಳತೀರದು.

ಅದೇ ವಾರ ಬಿಜಾಪುರಕ್ಕೆ ವರ್ಗವಾಯಿತು. ಅವಳಿಗಾಗಿ ನಾನೇ ಕಾಡಿ ಬೇಡಿ ಕೇಳಿಕೊಂಡಿದ್ದ ವರ್ಗ. ಓಡಿಬಂದು ಹೇಳಿದೆ. ಗಂಗವ್ವನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಹಿತ್ತಲ ಕಡೆ ನೋಡಿದಳು.

"ಹೋಗೂಣ್ರಿ, ನಮ್ಮೂರು ಅಲ್ಲೇನು. ಆದ್ರ ಬರೂ ಬ್ಯಾಸಗ್ಯಾಗ ಕೂನ ಯಾರು ಕಟ್ಟತಾರ?"