ಓದಬಲ್ಲವರೇ ಬಿಚ್ಚಬೇಕಾದ ಗಂಟು

ಅವರ ಬಲಗೈ ಬೆರಳುಗಳು ಸದಾ ಬೆಳ್ಳಗೆ, ಎಡಗೈ ಹೆಬ್ಬೆರಳು ಸದಾ ಕರ್ರಗೆ. ಬಿಳುಪು ಸೀಮೆಸುಣ್ಣದ್ದು, ಕಪ್ಪು ದೀಪದ ಮಸಿಯದ್ದು. ಓಲೆಗರಿಗೆ ಎಣ್ಣೆಯಲ್ಲಿ ಕಲಸಿದ ಮಸಿ ಬಳಿದು ಒರೆಸಿದರೆ ಮಾತ್ರ ಕೊರೆದ ಅಕ್ಷರ ಎದ್ದು ಕಾಣುತ್ತದೆ. "ಯಾವ ಕೈಲಿ ಚಾ ಕುಡದ್ರಿ ಅಂತ ಲೋಟನ ಹೇಳ್ತೈತಿ ನೋಡ್ರಿ ಸರ" ಎಂದು ಹೋಟೆಲಿನವನು ನಗುತ್ತಿದ್ದ. ಅವರೂ ನಗುತ್ತಿದ್ದರು.

ತೊಂಬತ್ತರ ದಶಕದ ಮಾತು. ಕೊಟ್ಟೂರಿನಲ್ಲಿ ವಿಶ್ವವಿದ್ಯಾಲಯವೊಂದರ ಧರ್ಮಶಾಸ್ತ್ರ ಅಧ್ಯಯನ ಕೇಂದ್ರವಿತ್ತು. ಕೇಂದ್ರ ಎಂದರೆ ಬಾಡಿಗೆ ಮನೆಯ ಎರಡು ಕೋಣೆ; ಅದರ ಜೀವ ಎಂದರೆ ಒಂದು ಗ್ರಂಥಾಲಯ; ಗ್ರಂಥಾಲಯ ಎಂದರೆ ಅವರು. ಊರೆಲ್ಲ ಅವರನ್ನು ಲೈಬ್ರರಿ ಸರ್ ಎನ್ನುತ್ತಿತ್ತು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ 'ವಿಶೇಷ ಸಮಾಚಾರ' ಎಂಬ ತಲೆಬರಹ. ಅದರ ಕೆಳಗೆ ಹೊಸ ಪುಸ್ತಕ ಬಂದದ್ದು, ಯಾರದೋ ಉಪನ್ಯಾಸ, ಮಾಡು ಸೋರಿ ಮೂಲೆಯ ಕಪಾಟು ಜಾಗ ಬದಲಿಸಿದ್ದು, ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದರು. "ಲೈಬ್ರರ್‍ಯಾಗ ಏನ್ ನಡದ್ರೂ ಮಂದಿಗೆ ಗೊತ್ತಾಗಬೇಕು. ಮುಚ್ಚಿಟ್ರ ಅದು ಲೈಬ್ರರಿ ಅಲ್ಲ, ಹಗೇವು" ಎನ್ನುತ್ತಿದ್ದರು. ಜೋಳ ಹೂಳಿಡುವ ಹಗೇವು. ಆ ಮಾತು ನನಗೆ ಬಾಯಿಪಾಠವಾಗಿತ್ತು.

ನಮ್ಮ ಊರು ಕೋಗಳಿ. ಮನೆಯ ದೇವರ ಜಗಲಿಯ ಮೇಲೆ ಕೆಂಪು ವಸ್ತ್ರ ಸುತ್ತಿದ ಓಲೆಗರಿಯ ಕಟ್ಟೊಂದಿತ್ತು. ಮನೆಯವರಲ್ಲಿ ಓದಬಲ್ಲವರೇ ಅದರ ಗಂಟು ಬಿಚ್ಚಬೇಕು, ಉಳಿದವರು ಕೈ ಮುಗಿಯಬೇಕು, ಅಷ್ಟೇ. ಅಜ್ಜ ತೀರಿದ ಮೇಲೆ ಓದಬಲ್ಲವರೇ ಇರಲಿಲ್ಲ. ಅವ್ವ ಮದುವೆಯಾಗಿ ಬಂದ ಹೊಸತರಲ್ಲಿ ದೀಪ ಉರುಳಿ, ವಸ್ತ್ರ ಸುಟ್ಟು, ಒಳಗೆ ಗರಿಗಳ ಮೇಲೆ ಕಟ್ಟಿದ್ದ ಮರದ ಹಲಗೆಯ ಮೂಲೆ ಅರ್ಧಚಂದ್ರದ ಹಾಗೆ ಕರಿದಾಗಿತ್ತು. ಮೇಲೊಂದು ಹೊಸ ವಸ್ತ್ರ ಸುತ್ತಿದ ಅವ್ವ, ಆ ಕತೆಯನ್ನು ಪ್ರತಿ ಹಬ್ಬಕ್ಕೂ ಗಲ್ಲ ಬಡಿದುಕೊಂಡು ಹೇಳುತ್ತಿದ್ದಳು.

ಸುತ್ತಿನ ಹಳ್ಳಿಗಳ ಇಂಥ ಕಟ್ಟುಗಳನ್ನು ಗ್ರಂಥಾಲಯದಲ್ಲಿ ಕಾಪಿಡಲು ಕೂಡಿಸುತ್ತ ಸರ್ ನಮ್ಮ ಮನೆಗೂ ಬಂದರು. ಅವ್ವ ಸುಲಭಕ್ಕೆ ಬಗ್ಗಲಿಲ್ಲ. "ಮಾನೌಮಿಗೆ ನಮ್ಮ ಕಟ್ಟು ನಮ್ಮ ಮುಂದ ಇಡಬೇಕ್ರಿ. ನನ್ನ ಮಗಳಿಗೆ ಓದಾಕ ಕಲಸ್ಬೇಕು. ಗಂಟು ಆಕೀನ ಬಿಚ್ಚಬೇಕು" ಎಂದಳು. ಅವರು ಜಗಲಿ ಮುಟ್ಟಿ, "ಗುರುವಿನ ಆಣಿ ಐತಿ ತಾಯಿ, ನಿಮ್ಮ ಮಗಳ ಕೈಲೇ ಬಿಚ್ಚಸ್ತೀನಿ" ಎಂದರು.

ಕಲಿಸಿದರು. ಅದನ್ನು ಇಲ್ಲವೆನ್ನಲಾರೆ. ಕೇಂದ್ರದ ಸ್ವಂತ ಗರಿಗಳನ್ನು ಮುಂದಿಟ್ಟು, ಪದದ ನಡುವೆ ಜಾಗವಿಲ್ಲದ ಆ ಸಾಲುಗಳ ಕೆಳಗೆ ತಮ್ಮ ಕರಿ ಹೆಬ್ಬೆರಳು ಸರಿಸುತ್ತ, "ಅವಸರ ಮಾಡಬ್ಯಾಡವ್ವ, ಅಕ್ಷರ ಕಣ್ಣಿಗೆ ಕಾಣ್ತಾವ, ಮಾತು ತಾಳ್ಮಿಗೆ ಕಾಣ್ತಾವ" ಎನ್ನುತ್ತಿದ್ದರು. ಮಹಾನವಮಿಯಂದು ಓದುವ ಮೇಜುಗಳ ಮೇಲೆ ಕಟ್ಟುಗಳನ್ನು ಸಾಲಾಗಿ ಇಡುತ್ತಿದ್ದರು. ಹಳ್ಳಿಯವರು ಹಡಗಲಿ ಮಲ್ಲಿಗೆ ಹಿಡಿದು ಬಂದು ತಮ್ಮ ತಮ್ಮ ಕಟ್ಟಿನ ಮುಂದೆ ನಿಲ್ಲುತ್ತಿದ್ದರು. "ಊದಿನಕಡ್ಡಿ ಹೊರಗ ಹಚ್ರಪ್ಪಾ, ಕಾಯಿ ಮೆಟ್ಟಲ ಮ್ಯಾಲ ಒಡೀರಿ" ಎಂದು ಅವರು ಓಡಾಡುತ್ತಿದ್ದರು. ಪ್ರತಿ ವರ್ಷ ಅವ್ವ ಕೇಳುತ್ತಿದ್ದಳು: "ಈಗರ ಬಿಚ್ಚಲೇನ್ರಿ ಆಕಿ?" ಅವರು ತಲೆಯಾಡಿಸುತ್ತಿದ್ದರು: "ಇನ್ನೂ ಪಕ್ಕಾ ಆಗಿಲ್ಲ ತಾಯಿ. ಒಂದಕ್ಷರ ತಪ್ಪಿದ್ರ ದೋಷ." ನನ್ನ ಓದಿನಲ್ಲೇ ಏನೋ ಕೊರತೆ ಎಂದುಕೊಂಡು ನಾನು ಮತ್ತೆ ಗರಿಗಳ ಮುಂದೆ ಕೂರುತ್ತಿದ್ದೆ.

ಮುಂದೆ ಹರಪನಹಳ್ಳಿಯಲ್ಲಿ ಹೈಸ್ಕೂಲ್ ಮೇಡಂ ಆದೆ. ತರಬೇತಿಗೆಂದು ಒಮ್ಮೆ ಅದೇ ವಿಶ್ವವಿದ್ಯಾಲಯಕ್ಕೆ ಹೋದಾಗ ದೊಡ್ಡ ಗ್ರಂಥಾಲಯದ ಬಾಗಿಲಲ್ಲಿ ಪ್ರಕಟಣೆ ಕಂಡಿತು: ಅಪರೂಪದ ಓಲೆಗರಿಗಳ ಪ್ರದರ್ಶನ. ಸರ್‌ಗೆ ಹೇಳಿದರೆ ಹಲಗೆಯ ಮೇಲೆ ಬರೆದಾರು ಎಂದು ಹಿಗ್ಗಿನಿಂದಲೇ ಒಳಗೆ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಬಿಚ್ಚಿಟ್ಟ ಕಟ್ಟು; ಮೇಲೆ ಕಾಣುತ್ತಿದ್ದ ಕೊನೆಯ ಗರಿಯನ್ನು ಓದಿಕೊಂಡೆ. ಪಕ್ಕದಲ್ಲಿ ಮರದ ಹಲಗೆ. ಹಲಗೆಯ ಮೂಲೆಯಲ್ಲಿ ಅರ್ಧಚಂದ್ರದಂಥ ಸುಟ್ಟ ಗುರುತು. ಕೆಳಗೆ ಚೀಟಿ: ಸ್ವಂತ ಸಂಗ್ರಹದಿಂದ ಕೊಡುಗೆ. ದಾನಿಯ ಹೆಸರು ನಮ್ಮ ಸರ್‌ದು. ಗೋಡೆಯ ಮೇಲೆ ಶಾಲು ಹೊದ್ದ ಅವರ ಫೋಟೋ. ಕೊಡುಗೆ ಬಂದ ವರ್ಷ ನೋಡಿದೆ. ನಾನು ಅಕ್ಷರ ಕಲಿಯಲು ಶುರುಮಾಡಿದ ವರ್ಷವೇ.

ಹಾಗಾದರೆ ನಾವು ಅಷ್ಟೂ ಹಬ್ಬ ಕೈ ಮುಗಿದದ್ದು ಯಾವುದಕ್ಕೆ? ನೆಟ್ಟಗೆ ಕೊಟ್ಟೂರಿನ ಬಸ್ಸು ಹಿಡಿದೆ.

ಸರ್ ಕರಿಹಲಗೆ ಒರೆಸುತ್ತಿದ್ದರು. ನಾನು ಕಂಡದ್ದನ್ನು ಹೇಳಿದೆ. ಕೈಯಲ್ಲಿದ್ದ ಬಟ್ಟೆ ನಿಂತಿತು.

"ಗೆದ್ದಲ ಹತ್ತಿತ್ತವ್ವ. ಅಲ್ಲಿ ಉಳೀತಾವ. ಇಲ್ಲಿದ್ರ ಮಣ್ಣಾಗ್ತಿದ್ದು."

"ಹಂಗಂತ ಈ ಹಲಗಿ ಮ್ಯಾಲ ಬರೀಬೇಕಿತ್ತಲ್ರಿ ಸರ್."

"ಹಂಗ ಬರದ್ರ ನಿಮ್ಮವ್ವ ಒಪ್ತಿದ್ಲೇನು?"

"ಮತ್ತ ನಿಮ್ಮ ಹೆಸರು ಯಾಕ ಬರಸಿದ್ರಿ?"

ಅವರು ಬಿಳಿ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡು ಒಳಗೆ ಹೋದರು. ನಾನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಅವ್ವನಿಗೆ ಹೇಳಲೂ ಬಾಯಿ ಬರಲಿಲ್ಲ. ಆಕೆಯ ಅಷ್ಟು ವರ್ಷದ ನಮಸ್ಕಾರಗಳನ್ನು ನಾನು ಯಾವ ಬಾಯಲ್ಲಿ ಸುಳ್ಳು ಮಾಡಲಿ?

ಅವರು ನಿವೃತ್ತರಾದ ಮೇಲೆ ಕೇಂದ್ರ ಮುಚ್ಚಿತು. ಕಟ್ಟುಗಳನ್ನು ಹಳ್ಳಿಯವರು ಹೊತ್ತುಕೊಂಡು ಹೋದರು. ನಮ್ಮದೂ ಜಗಲಿಗೆ ಮರಳಿತು; ಅವ್ವ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಕೆಲ ಕಾಲಕ್ಕೆ ಸರ್ ತೀರಿಕೊಂಡ ಸುದ್ದಿ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಅವ್ವ ಮಾತ್ರ ಮಲ್ಲಿಗೆ ಮಾಲೆ ಕಳಿಸಿದಳು.

ಆಗ ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಒಂದು ಮುಂಜಾನೆ ನನ್ನನ್ನು ಜಗಲಿಯ ಮುಂದೆ ಕೂರಿಸಿಕೊಂಡಳು. "ಸರ್ ಅಂತೂ ಹೋದ್ರು. ಇನ್ನ ಪಕ್ಕಾ ಆಗೈತಿ ಅನ್ನಾಕ ಯಾರದಾರ? ನೀನ ಬಿಚ್ಚು. ಒಂದೀಟು ಕೇಳಿ ಕಣ್ಣು ಮುಚ್ತೀನಿ."

ಬಿಚ್ಚಿದೆ. ಬಿದಿರಿನ ದಬ್ಬೆಗಳು. ಗರಿಯ ಅಳತೆಗೆ ಸೀಳಿ, ನಯಮಾಡಿ, ತೂತು ಕೊರೆದು ದಾರ ಪೋಣಿಸಿದ್ದರು. ಎಷ್ಟು ಅಚ್ಚುಕಟ್ಟು ಕೆಲಸ! ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವ್ವ ಕೈ ಮುಗಿದು ಕಾಯುತ್ತಿದ್ದಳು. ಗಾಜಿನಾಚೆ ಓದಿದ್ದ ಕೊನೆಯ ಗರಿ ನನ್ನ ನೆನಪಿನಲ್ಲಿತ್ತು. ಬೋಳು ದಬ್ಬೆಯ ಮೇಲೆ ಹೆಬ್ಬೆರಳು ಸರಿಸುತ್ತ, ಅವರು ಕಲಿಸಿದ ಹಾಗೆಯೇ ನಿಧಾನವಾಗಿ ಓದಿದೆ: "ಇದ ಬರೆದವನ ಕೈ ತಪ್ಪಿದ್ದಡೆ ಓದುವವರು ಮನಕ್ಕೆ ಹಚ್ಚಿಕೊಳ್ಳದೆ ತಿದ್ದಿಕೊಂಬುದು."

"ಎಷ್ಟು ಚೆಂದ ಓದ್ತೀಯವ್ವಾ" ಎಂದಳು ಅವ್ವ, ಕಣ್ಣೊರೆಸಿಕೊಂಡು. "ಕಲಿಸಿದ ಪುಣ್ಯಾತ್ಮಗ ಕೈ ಮುಗಿ."

ಮುಗಿದೆ. ಓದು ಅವರೇ ಕೊಟ್ಟದ್ದು. ಆದರೆ ಅವರ ಕೈ ತಪ್ಪಿದ್ದನ್ನು ನಾನಿನ್ನೂ ತಿದ್ದಿಕೊಂಡಿಲ್ಲ, ಮನಸ್ಸಿಗೆ ಹಚ್ಚಿಕೊಂಡೇ ಇದ್ದೇನೆ.